ಕೆಲಸ ಕರಗುವಾಗ ತರಬೇತಿ ಏಕೆ? ಅರಬ್ ಮತ್ತು ಅಮಾಜಿಗ್ ವಲಸಿಗರ ಪತ್ರಿಕೋದ್ಯಮದ ಒಗಟು

2025ರ ಏಪ್ರಿಲ್ 11, ಶುಕ್ರವಾರ. ಪ್ಯಾರಿಸ್‌ನಲ್ಲಿ ಮೂವರ ಮೇಲೆ ಅಪಹರಣದ ಆರೋಪ ದಾಖಲಾಯಿತು. ಅವರಲ್ಲಿ ಒಬ್ಬ ಫ್ರಾನ್ಸ್‌ನಲ್ಲಿರುವ ಅಲ್ಜೀರಿಯಾ ಕಾನ್ಸುಲೇಟ್‌ನ ನೌಕರ. ಅಪಹರಣಕ್ಕೆ ಒಳಗಾಗಿದ್ದವರು ‘ಅಮೀರ್ ಡಿಝಡ್’ ಎಂಬ ಹೆಸರಿನಲ್ಲಿ ಅಲ್ಜೀರಿಯಾ ಸರ್ಕಾರವನ್ನು ಟೀಕಿಸುತ್ತ ಹತ್ತು ಲಕ್ಷಕ್ಕೂ ಹೆಚ್ಚು ಅನುಯಾಯಿಗಳನ್ನು ಗಳಿಸಿದ್ದ, ಫ್ರಾನ್ಸ್‌ನಲ್ಲಿ ಆಶ್ರಯ ಪಡೆದಿದ್ದ ಅಲ್ಜೀರಿಯನ್. 2024ರ ಏಪ್ರಿಲ್ ಕೊನೆಯಲ್ಲಿ ಪ್ಯಾರಿಸ್‌ನ ಹೊರವಲಯದಿಂದ ಅವರನ್ನು ಹೊತ್ತೊಯ್ದವರು ಮೇ 1ರಂದು ಬಿಟ್ಟುಬಿಟ್ಟಿದ್ದರು. ಕಾನ್ಸುಲೇಟ್ ನೌಕರನ ಬಂಧನಕ್ಕೆ ಸಿಟ್ಟಾದ ಅಲ್ಜೀರಿಯಾ 12 ಫ್ರೆಂಚ್ ಅಧಿಕಾರಿಗಳನ್ನು ದೇಶದಿಂದ ಹೊರಹಾಕಿತು. ಫ್ರಾನ್ಸ್ ಕೂಡ ಅಷ್ಟೇ ಮಂದಿಯನ್ನು ಕಳಿಸಿ ಲೆಕ್ಕ ಚುಕ್ತಾ ಮಾಡಿತು.

ಮರುದಿನ, ಅಂದರೆ ಏಪ್ರಿಲ್ 12ರಂದು, ಅಮೆರಿಕದ ವರ್ಜೀನಿಯಾದಿಂದ ಇನ್ನೊಂದು ಸುದ್ದಿ. 2004ರಲ್ಲಿ ಅಮೆರಿಕ ಸರ್ಕಾರದ ಹಣದಿಂದ ಆರಂಭವಾದ ಅರಬ್ಬಿ ವಾಹಿನಿ ಅಲ್ ಹುರ್ರಾ, ಹಣ ನಿಂತುಹೋದ ಕಾರಣಕ್ಕೆ ತನ್ನ ಬಹುಪಾಲು ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಅವರಲ್ಲಿ ಬಹಳಷ್ಟು ಜನ ಅರಬ್ ದೇಶಗಳಿಂದ ಹೋಗಿ ಅಲ್ಲಿ ನೆಲೆಸಿದ, ನುರಿತ ವರದಿಗಾರರು, ನಿರ್ಮಾಪಕರು, ಸಂಕಲನಕಾರರು.

ಎರಡು ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಗೊಂದಲವಾಗುವುದು ಸಹಜ. ಸುದ್ದಿಮನೆಯ ಮೆಟ್ಟಿಲು ಹತ್ತದವರಿಗೆ ಲಕ್ಷಗಟ್ಟಲೆ ಕೇಳುಗರಿದ್ದಾರೆ. ಸುದ್ದಿಮನೆಯಲ್ಲೇ ಪಳಗಿದವರಿಗೆ ಕೆಲಸವಿಲ್ಲ. ಹಾಗಿದ್ದೂ ಯುರೋಪಿನ ವಿಶ್ವವಿದ್ಯಾಲಯಗಳು, ಚರ್ಚುಗಳು, ಪ್ರತಿಷ್ಠಾನಗಳು, ಅರಬ್ ವಾಹಿನಿಗಳು ವಲಸಿಗರಿಗೆ ಪತ್ರಿಕೋದ್ಯಮ ಕಲಿಸುವ ಕಮ್ಮಟಗಳನ್ನು, ಕೋರ್ಸ್‌ಗಳನ್ನು ನಡೆಸುತ್ತಲೇ ಇವೆ. ಯಾರಿಗಾಗಿ? ಯಾವ ಕೆಲಸಕ್ಕಾಗಿ? ಇನ್ನೂ ಮುಖ್ಯವಾಗಿ, ಯಾವ ಭಾಷೆಯಲ್ಲಿ?

ಮೊದಲು ಆ ‘ಮತ್ತು’

‘ಅರಬ್ ಮತ್ತು ಅಮಾಜಿಗ್’ ಎಂದು ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ನಡುವಿನ ‘ಮತ್ತು’ ಮಾತ್ರ ಅಷ್ಟು ಸಲೀಸಿನದಲ್ಲ.

ಅಮಾಜಿಗ್ ಜನ ಉತ್ತರ ಆಫ್ರಿಕದ ಮೂಲನಿವಾಸಿಗಳು. ಏಳನೆಯ ಶತಮಾನದಲ್ಲಿ ಅರಬ್ಬರು ಬರುವುದಕ್ಕೂ ಎಷ್ಟೋ ಮೊದಲಿನಿಂದ ಮೊರಾಕೊ, ಅಲ್ಜೀರಿಯಾ, ಲಿಬಿಯಾಗಳಲ್ಲಿ ಇರುವವರು. ‘ಬರ್ಬರ್’ ಎಂಬುದು ಹೊರಗಿನವರು ಕೊಟ್ಟ ಹೆಸರು. ಗ್ರೀಕರ ‘ಅನಾಗರಿಕ’ ಎಂಬ ಮಾತಿನ ವಾಸನೆ ಅದಕ್ಕಿರುವುದರಿಂದ ಅನೇಕರು ಅದನ್ನು ಒಪ್ಪುವುದಿಲ್ಲ. ಅಲ್ಜೀರಿಯಾದ ಕಬೀಲಿಯಾದಲ್ಲಿ ಕಬೀಲ್, ಮೊರಾಕೊದ ಉತ್ತರದ ರಿಫ್ ಬೆಟ್ಟಗಳಲ್ಲಿ ತಾರಿಫೀತ್, ದಕ್ಷಿಣದ ಸೂಸ್ ಪ್ರದೇಶದಲ್ಲಿ ತಶಲ್ಹೀತ್, ನಡುವಿನ ಅಟ್ಲಾಸ್‌ನಲ್ಲಿ ತಮಾಜಿಗ್ತ್: ಒಂದೇ ಕುಲದ ಹಲವು ನುಡಿಗಳು. ಅರಬ್ಬಿಗೂ ಇವಕ್ಕೂ ದೂರದ ನಂಟಿದೆ, ಅಷ್ಟೆ. ಅರಬ್ಬಿ ಮಾತ್ರ ಬಲ್ಲವನಿಗೆ ಇವು ಅರ್ಥವಾಗುವುದಿಲ್ಲ.

ಸ್ವಾತಂತ್ರ್ಯಾನಂತರ ಮೊರಾಕೊ, ಅಲ್ಜೀರಿಯಾ ಎರಡೂ ಶಾಲೆ, ಆಡಳಿತ, ಸುದ್ದಿ ಎಲ್ಲವನ್ನೂ ಅರಬ್ಬೀಕರಿಸಲು ಹೊರಟವು. 1980ರ ಮಾರ್ಚ್‌ನಲ್ಲಿ ಪ್ರಾಚೀನ ಕಬೀಲ್ ಕಾವ್ಯದ ಬಗ್ಗೆ ವಿದ್ವಾಂಸ ಮೌಲೂದ್ ಮಮ್ಮೆರಿ ತಿಜಿ ಉಝು ಪಟ್ಟಣದಲ್ಲಿ ಮಾಡಬೇಕಿದ್ದ ಉಪನ್ಯಾಸವನ್ನು ಅಲ್ಜೀರಿಯಾ ಸರ್ಕಾರ ನಿಷೇಧಿಸಿತು. ಒಂದು ಉಪನ್ಯಾಸ ನಿಲ್ಲಿಸಿದ್ದಕ್ಕೆ ಹೊತ್ತಿಕೊಂಡ ಪ್ರತಿಭಟನೆಯೇ ‘ಬರ್ಬರ್ ವಸಂತ’. ಅಲ್ಲಿಂದ ಕಾನೂನಿನ ಮಾನ್ಯತೆಗೆ ದಶಕಗಳು ಹಿಡಿದವು. ಮೊರಾಕೊ 2011ರ ಸಂವಿಧಾನದಲ್ಲಿ, ಅಲ್ಜೀರಿಯಾ 2016ರಲ್ಲಿ ಅಮಾಜಿಗ್ ಅನ್ನು ಅಧಿಕೃತ ಭಾಷೆ ಎಂದು ಒಪ್ಪಿದವು.

ಈ ಹಿನ್ನೆಲೆ ವಲಸಿಗರ ತರಬೇತಿಗೆ ಏಕೆ ಮುಖ್ಯವೆಂದರೆ, ವಲಸೆ ಹೋದವರು ಬಹುಮಟ್ಟಿಗೆ ಇವರೇ. ಕಾರ್ಮಿಕರು ಬೇಕಾದಾಗ ಯುರೋಪಿನ ದೇಶಗಳು ಮೊರಾಕೊ ಜೊತೆ ಒಪ್ಪಂದ ಮಾಡಿಕೊಂಡವು: ಜರ್ಮನಿ ಮತ್ತು ಫ್ರಾನ್ಸ್ 1963ರಲ್ಲಿ, ಬೆಲ್ಜಿಯಂ 1964ರಲ್ಲಿ, ನೆದರ್‌ಲ್ಯಾಂಡ್ಸ್ 1969ರಲ್ಲಿ. ಗಣಿಗೂ ಕಾರ್ಖಾನೆಗೂ ಜನ ಹೊರಟದ್ದು ಹೆಚ್ಚಾಗಿ ಬಡ ಗುಡ್ಡಗಾಡುಗಳಿಂದ. ಹೀಗಾಗಿ ನೆದರ್‌ಲ್ಯಾಂಡ್ಸ್‌ನ ಮೊರಾಕೊ ಮೂಲದವರಲ್ಲಿ ಬಹುಪಾಲು ರಿಫ್‌ನವರು. ಫ್ರಾನ್ಸ್‌ಗೆ ಹೋದ ಮೊದಲ ತಲೆಮಾರಿನ ಅಲ್ಜೀರಿಯನ್ನರಲ್ಲಿ ಕಬೀಲರ ಪಾಲು ದೊಡ್ಡದು. ಹೋದ ದೇಶದಲ್ಲಿ ಮಾತ್ರ ಎಲ್ಲರ ಹಣೆಗೂ ‘ಅರಬ್’ ಎಂಬ ಒಂದೇ ಚೀಟಿ.

ರಾಟರ್‌ಡ್ಯಾಮ್‌ನಲ್ಲಿ ಹುಟ್ಟಿದ ಇಂಥ ಮನೆಯ ಮಗು ಅಡುಗೆಮನೆಯಲ್ಲಿ ಕೇಳುವುದು ತಾರಿಫೀತ್, ಶಾಲೆಯಲ್ಲಿ ಕಲಿಯುವುದು ಡಚ್. ವಾಹಿನಿಗಳ ಶಿಷ್ಟ ಅರಬ್ಬಿ, ಅಂದರೆ ಫುಸ್ಹಾ, ಅದಕ್ಕೆ ಮೂರನೆಯ ಭಾಷೆ. ಮನೆಯಲ್ಲಿ ತುಳು ಆಡಿ ಕನ್ನಡದಲ್ಲಿ ಪತ್ರಿಕೆ ಓದುವವರಿಗೆ ಈ ಸ್ಥಿತಿಯ ಅರ್ಧ ಪರಿಚಯವಿರುತ್ತದೆ. ವ್ಯತ್ಯಾಸವೆಂದರೆ ಮನೆಯ ತಾರಿಫೀತ್ ಮತ್ತು ವಾಹಿನಿಯ ಅರಬ್ಬಿ ಹತ್ತಿರದ ನೆಂಟರೂ ಅಲ್ಲ, ವಲಸೆಯ ನಾಡಿನಲ್ಲಿ ನೆರೆಯವರಾಗಿ ಉಳಿಯಲೂ ಇಲ್ಲ. ‘ಅರಬ್ ಮತ್ತು ಅಮಾಜಿಗ್ ಸಮುದಾಯಕ್ಕೆ’ ಎಂದು ಪ್ರಕಟಿಸಿ ಪಾಠವನ್ನು ಫುಸ್ಹಾದಲ್ಲಿ ನಡೆಸಿದರೆ ಈ ಮಗು ಬಾಗಿಲಲ್ಲೇ ನಿಲ್ಲುತ್ತದೆ.

ಮೂರು ಬಗೆಯ ವಿದ್ಯಾರ್ಥಿಗಳು, ಒಂದೇ ತರಗತಿ

ಗೊಂದಲದ ಮೂಲ ಇಲ್ಲಿದೆ. ತರಬೇತಿ ಎಂಬ ಒಂದೇ ಪದದ ಕೆಳಗೆ ಮೂರು ಬೇರೆ ಬೇರೆ ಅಗತ್ಯಗಳು ಸೇರಿಕೊಂಡಿವೆ.

ಮೊದಲನೆಯವರು ದೇಶ ಬಿಟ್ಟು ಬಂದ ಪತ್ರಕರ್ತರು: ಸಿರಿಯಾ, ಇರಾಕ್, ಈಜಿಪ್ಟ್, ಯೆಮನ್, ಮೊರಾಕೊಗಳಿಂದ ಬಂದವರು. ಸುದ್ದಿ ಬರೆಯುವುದನ್ನು ಇವರಿಗೆ ಯಾರೂ ಕಲಿಸಬೇಕಾಗಿಲ್ಲ. ಬಾಂಬ್ ಬೀಳುವ ಊರಿನಿಂದ ವರದಿ ಮಾಡಿದವರಿಗೆ ‘ತಲೆಬರಹ ಬರೆಯುವುದು ಹೇಗೆ’ ಎಂಬ ಪಾಠ ಅವಮಾನವೇ ಸರಿ. ಇವರಿಗೆ ಬೇಕಾದದ್ದು ಹೊಸ ದೇಶದ ಭಾಷೆ, ಅಲ್ಲಿನ ಮಾನನಷ್ಟ ಕಾನೂನು, ನಗರಸಭೆ ನಡೆಯುವ ಬಗೆ, ಫೋನ್ ಮಾಡಿದರೆ ಎತ್ತುವ ಹತ್ತು ಜನರ ಪರಿಚಯ.

ಎರಡನೆಯವರು ಅಲ್ಲೇ ಹುಟ್ಟಿದವರು. ಭಾಷೆ ಅವರದ್ದೇ. ಕಾನೂನೂ ಗೊತ್ತು. ಸುದ್ದಿಮನೆಯ ಬಾಗಿಲು ಮಾತ್ರ ತೆರೆದಿಲ್ಲ. 2005ರ ಅಕ್ಟೋಬರ್ 27ರಂದು ಪ್ಯಾರಿಸ್ ಹೊರವಲಯದ ಕ್ಲಿಷಿ ಸು ಬುವಾದಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳಲು ವಿದ್ಯುತ್ ಉಪಕೇಂದ್ರದೊಳಗೆ ಅಡಗಿದ ಇಬ್ಬರು ಹುಡುಗರು ಸತ್ತರು. ಫ್ರಾನ್ಸ್‌ನ ಹೊರವಲಯಗಳು ಮೂರು ವಾರ ಹೊತ್ತಿ ಉರಿದವು. ಆಗ ಪಕ್ಕದ ಬೊಂಡಿಯಲ್ಲಿ ಬಿಡಾರ ಹೂಡಿ ದಿನನಿತ್ಯದ ಬದುಕನ್ನು ವರದಿ ಮಾಡಿದ್ದು ಸ್ವಿಟ್ಜರ್‌ಲ್ಯಾಂಡ್‌ನ ‘ಲೆಬ್ಡೊ’ ವಾರಪತ್ರಿಕೆ. ರೈಲಿನಲ್ಲಿ ಅರ್ಧ ಗಂಟೆ ದೂರದ ಪ್ಯಾರಿಸ್ ಪತ್ರಿಕೆಗಳಿಗೆ ಹೊಳೆಯದ್ದು ಪರದೇಶದವರಿಗೆ ಹೊಳೆಯಿತು! ಸ್ವಿಸ್ ಪತ್ರಕರ್ತರು ಹೊರಡುವಾಗ ಆ ಕೆಲಸವನ್ನು ಸ್ಥಳೀಯ ಯುವಕರಿಗೆ ಬಿಟ್ಟುಕೊಟ್ಟರು. ಅದೇ ‘ಬೊಂಡಿ ಬ್ಲಾಗ್’. 2009ರಲ್ಲಿ ಲಿಲ್ ನಗರದ ಪ್ರತಿಷ್ಠಿತ ಪತ್ರಿಕೋದ್ಯಮ ಶಾಲೆ ಅದರೊಡನೆ ಸೇರಿ, ಹಣವಿಲ್ಲದ ಮನೆಗಳ ಮಕ್ಕಳಿಗೆ ಪ್ರವೇಶ ಪರೀಕ್ಷೆಯ ಉಚಿತ ತಯಾರಿ ಶುರುಮಾಡಿತು. 2007ರಲ್ಲಿ ಹುಟ್ಟಿದ ‘ಲಾ ಶಾನ್ಸ್’ ಸಂಘದ ಕೆಲಸವೂ ಇಂಥದ್ದೇ. ಇಲ್ಲಿ ಕಲಿಸುವುದು ‘ವಲಸಿಗರ ಪತ್ರಿಕೋದ್ಯಮ’ವನ್ನಲ್ಲ. ಶುದ್ಧ ಫ್ರೆಂಚ್ ಪತ್ರಿಕೋದ್ಯಮವನ್ನು, ಅದೂ ಅದರ ಪ್ರವೇಶದ್ವಾರದಲ್ಲಿ.

ಮೂರನೆಯವರು ತಮ್ಮ ಭಾಷೆಯಲ್ಲೇ, ತಮ್ಮವರಿಗಾಗಿ ಸುದ್ದಿ ಮಾಡುವವರು. 1981ರಲ್ಲಿ ಫ್ರಾನ್ಸ್ ಖಾಸಗಿ ರೇಡಿಯೊಗಳಿಗೆ ದಾರಿ ಬಿಟ್ಟಾಗ ಹುಟ್ಟಿದ ರೇಡಿಯೊ ಬೂರ್, 2000ದಲ್ಲಿ ಪ್ಯಾರಿಸ್‌ನಿಂದ ಆರಂಭವಾದ ಬರ್ಬರ್ ಟೆಲಿವಿಷನ್ ಈ ಸಾಲಿನವು. ಗಮನಿಸಿ: ಅಲ್ಜೀರಿಯಾ ಸರ್ಕಾರ ತನ್ನದೇ ಅಮಾಜಿಗ್ ವಾಹಿನಿ ತೆರೆದದ್ದು 2009ರಲ್ಲಿ, ಮೊರಾಕೊ 2010ರಲ್ಲಿ. ತಾಯ್ನಾಡಿಗಿಂತ ಸುಮಾರು ಹತ್ತು ವರ್ಷ ಮೊದಲೇ ವಲಸಿಗರು ತಮ್ಮ ನುಡಿಯಲ್ಲಿ ಟಿವಿ ನೋಡಿದ್ದರು.

ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಮೊದಲನೆಯವನಿಗೆ ಬೇಸರ, ಎರಡನೆಯವಳಿಗೆ ಅಪ್ರಸ್ತುತ, ಮೂರನೆಯವನಿಗೆ ಭಾಷೆಯೇ ಬೇರೆ. ಪ್ರಮಾಣಪತ್ರ ಮಾತ್ರ ಮೂವರಿಗೂ ಸಿಗುತ್ತದೆ.

ಯಾರು ‘ವೃತ್ತಿಪರ’?

ಪ್ರಮಾಣಪತ್ರಕ್ಕೂ ವೃತ್ತಿಗೂ ಇರುವ ಅಂತರ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಫ್ರಾನ್ಸ್‌ನಲ್ಲಿ 1935ರ ಕಾನೂನಿನ ಪ್ರಕಾರ ಆದಾಯದ ಮುಖ್ಯ ಭಾಗ ಪತ್ರಿಕೋದ್ಯಮದಿಂದಲೇ ಬರುವವರಿಗೆ ಮಾತ್ರ ವೃತ್ತಿಪರ ಕಾರ್ಡ್. ಬೆಲ್ಜಿಯಂನಲ್ಲಿ ‘ವೃತ್ತಿಪರ ಪತ್ರಕರ್ತ’ ಎಂಬ ಬಿರುದನ್ನು 1963ರ ಕಾನೂನು ಕಾಯುತ್ತದೆ. ಇಟಲಿಯಲ್ಲಿ ಅದೇ ವರ್ಷದ ಕಾನೂನಿನಂತೆ ಪತ್ರಕರ್ತರ ಮಂಡಳಿಯ ಪರೀಕ್ಷೆ ಪಾಸಾಗಬೇಕು. ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳಲ್ಲಿ ಯಾರು ಬೇಕಾದರೂ ತಮ್ಮನ್ನು ಪತ್ರಕರ್ತ ಎಂದು ಕರೆದುಕೊಳ್ಳಬಹುದು.

ಇದರ ಪರಿಣಾಮ ನೇರವಾದದ್ದು. ಫ್ರಾನ್ಸ್‌ನಲ್ಲಿ ಸಂಬಳವಿಲ್ಲದೆ ಕಾರ್ಡ್ ಇಲ್ಲ. ಕಾರ್ಡ್ ಇಲ್ಲದವನಿಗೆ ಹಲವು ಬಾಗಿಲು ತೆರೆಯುವುದಿಲ್ಲ, ಹಾಗಾಗಿ ಸಂಬಳ ಹುಟ್ಟುವುದೂ ಕಷ್ಟ. ಸಂಜೆ ಟ್ಯಾಕ್ಸಿ ಓಡಿಸಿ, ಬೆಳಿಗ್ಗೆ ಸಮುದಾಯದ ರೇಡಿಯೊದಲ್ಲಿ ಪುಕ್ಕಟೆ ಸುದ್ದಿ ಓದುವವನು ಎಷ್ಟು ಚೆನ್ನಾಗಿ ಓದಿದರೂ ಕಾನೂನಿನ ಕಣ್ಣಿಗೆ ಟ್ಯಾಕ್ಸಿ ಚಾಲಕ. ಬರ್ಲಿನ್‌ನಲ್ಲಿ ಈ ತೊಡಕಿಲ್ಲ. ಆದರೆ ಅಲ್ಲಿ ಬಿರುದಿಗೆ ಬೆಲೆಯಿಲ್ಲದ ಕಾರಣ ಜರ್ಮನ್ ಭಾಷೆಯ ಹಿಡಿತವೇ ಬಿರುದು. ತರಬೇತಿ ಕೊಡುವ ಸಂಸ್ಥೆಗಳು ತಮ್ಮ ಕರಪತ್ರದಲ್ಲಿ ಸಾಮಾನ್ಯವಾಗಿ ನುಂಗಿಕೊಳ್ಳುವ ವಿಷಯವಿದು.

ಹಣ ಕೊಟ್ಟವರ ಪಠ್ಯಕ್ರಮ

ಇನ್ನು ವಾದ ಪ್ರತಿವಾದಗಳಿಗೆ ಬರೋಣ. ಇಲ್ಲಿ ಪ್ರತಿ ಪಕ್ಷದ ನಿಲುವೂ ಅದರ ಖಜಾನೆಯ ಜೊತೆ ಹೆಣೆದುಕೊಂಡಿದೆ.

ವಲಸಿಗರು ನೆಲೆಸಿದ ದೇಶಗಳ ಸರ್ಕಾರಗಳು ಬಯಸುವುದು ಬೆರೆತುಹೋಗುವುದನ್ನು. ಪ್ರತ್ಯೇಕ ಭಾಷೆಯ ಮಾಧ್ಯಮ ಬೆಳೆದರೆ ಪ್ರತ್ಯೇಕ ಕೇರಿ ಬೆಳೆಯುತ್ತದೆ ಎಂಬ ಅಳುಕು ಅವಕ್ಕಿದೆ. ಶಾಲೆಗಳಲ್ಲಿ ವಲಸಿಗರ ಭಾಷೆ ಕಲಿಸಲು ಕೊಡುತ್ತಿದ್ದ ಹಣವನ್ನು ನೆದರ್‌ಲ್ಯಾಂಡ್ಸ್ 2004ರಲ್ಲಿ ನಿಲ್ಲಿಸಿದ್ದು ಇದೇ ತರ್ಕದಿಂದ. ಫಲ ಏನಾಯಿತು? ಮಕ್ಕಳು ಡಚ್ಚರಾದರು, ಸರಿ. ಅಜ್ಜ ಅಜ್ಜಿಯರು ಡಿಶ್ ಆಂಟೆನಾ ತಿರುಗಿಸಿ ಅರಬ್ ವಾಹಿನಿಗಳತ್ತ ಹೋದರು. ಒಂದೇ ಮನೆಯಲ್ಲಿ ಎರಡು ಸುದ್ದಿಲೋಕಗಳು, ನಡುವೆ ಅನುವಾದಿಸುವವರಿಲ್ಲ.

ತಾಯ್ನಾಡಿನ ಸರ್ಕಾರಗಳ ಆಸೆ ಇದಕ್ಕೆ ತದ್ವಿರುದ್ಧ: ವಲಸಿಗ ದೂರವಾಗಬಾರದು, ದನಿ ಎತ್ತಲೂಬಾರದು. ಮೊರಾಕೊ 2007ರಲ್ಲಿ ಹೊರನಾಡಿನವರಿಗೆಂದೇ ಒಂದು ಪರಿಷತ್ತು ಕಟ್ಟಿತು. 2024ರ ನವೆಂಬರ್‌ನಲ್ಲಿ ದೊರೆ ಮೊಹಮ್ಮದ್ VI ಆ ವ್ಯವಸ್ಥೆಯನ್ನೇ ಪುನಾರಚಿಸುವುದಾಗಿ ಘೋಷಿಸಿದರು. ಹೊರನಾಡಿನವರು ಕಳಿಸುವ ಹಣ ದೇಶದ ಆರ್ಥಿಕತೆಗೆ ಆಧಾರ. ಹಾಗಿರುವಾಗ ಅವರು ಕೇಳುವ ಸುದ್ದಿಯ ಮೇಲೂ ಕಣ್ಣಿಡುವುದು ಅಚ್ಚರಿಯೇನಲ್ಲ. ಇಂಥ ಸರ್ಕಾರದ ಆತಿಥ್ಯದಲ್ಲಿ ಪತ್ರಿಕೋದ್ಯಮ ಕಲಿತವನು, 2016ರಲ್ಲಿ ರಿಫ್‌ನಲ್ಲಿ ಎದ್ದ ಪ್ರತಿಭಟನೆಯ, ಅಂದರೆ ರಿಫ್ ಚಳವಳಿಯ ಬಗ್ಗೆ ಯಾವ ಧಾಟಿಯಲ್ಲಿ ಬರೆಯಬಲ್ಲ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಕೊಲ್ಲಿಯ ಹಣದ ಕಥೆ ಇನ್ನೂ ರೋಚಕ. ಲೆಬನಾನ್‌ನಲ್ಲಿ 1975ರಲ್ಲಿ ಅಂತರ್ಯುದ್ಧ ಶುರುವಾದಾಗ ಅರಬ್ ಪತ್ರಿಕೋದ್ಯಮ ಬೈರೂತ್ ಬಿಟ್ಟು ಲಂಡನ್, ಪ್ಯಾರಿಸ್‌ಗಳಿಗೆ ಹಾರಿತು. ‘ಅಶ್ಶರ್ಕ್ ಅಲ್ ಅವ್ಸತ್’ 1978ರಲ್ಲಿ, ‘ಅಲ್ ಕುದ್ಸ್ ಅಲ್ ಅರಬಿ’ 1989ರಲ್ಲಿ ಲಂಡನ್‌ನಲ್ಲೇ ಹುಟ್ಟಿದವು. 1994ರಲ್ಲಿ ಸೌದಿ ಕಂಪನಿಯೊಂದರ ಹಣದಿಂದ ಬಿಬಿಸಿ ಅರಬ್ಬಿ ಟಿವಿ ಆರಂಭಿಸಿತು. ಸೌದಿಗೆ ಹಿಡಿಸದ ಕಾರ್ಯಕ್ರಮ ಪ್ರಸಾರವಾದದ್ದೇ ತಡ, 1996ರಲ್ಲಿ ಹಣ ನಿಂತಿತು, ವಾಹಿನಿಯೂ ಮುಚ್ಚಿತು. ಬಿಬಿಸಿಯ ಗರಡಿಯಲ್ಲಿ ಪಳಗಿದ ಆ ತಂಡದ ದೊಡ್ಡ ಪಾಲು ಅದೇ ನವೆಂಬರ್‌ನಲ್ಲಿ ಕತಾರ್‌ನಲ್ಲಿ ಶುರುವಾದ ಅಲ್ ಜಜೀರಾಗೆ ಸೇರಿತು. ಬ್ರಿಟನ್ನಿನ ಪಾಠ, ಕತಾರ್‌ನ ಸಂಬಳ. ತರಬೇತಿ ಎಲ್ಲೇ ನಡೆಯಲಿ, ಅದರ ಫಸಲು ಸಂಬಳ ಇರುವ ಕಡೆಗೆ ಹೋಗುತ್ತದೆ. 2004ರಿಂದ ಅಲ್ ಜಜೀರಾ ತನ್ನದೇ ತರಬೇತಿ ಕೇಂದ್ರ ನಡೆಸುತ್ತಿದೆ. ಅದರ ಅರಬ್ಬಿ ಗಟ್ಟಿ, ನಿರೂಪಣೆಯ ಶಿಸ್ತು ಗಟ್ಟಿ. ಬ್ರಸೆಲ್ಸ್‌ನ ಒಂದು ಬಡಾವಣೆಯ ಬಾಡಿಗೆ ಜಗಳವನ್ನು ವರದಿ ಮಾಡಲು ಆ ಗಾಂಭೀರ್ಯ ಹೊಂದುವುದಿಲ್ಲ, ಅಷ್ಟೆ.

ಪಾಶ್ಚಾತ್ಯ ದಾನಿಗಳ ಹಣದ ಅಸ್ಥಿರತೆ ಈಗ ಎಲ್ಲರ ಕಣ್ಣಿಗೂ ಬಿದ್ದಿದೆ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ, ‘ಗಡಿರಹಿತ ವರದಿಗಾರರು’ ಸಂಸ್ಥೆ ಒಂದು ಲೆಕ್ಕ ಮುಂದಿಟ್ಟಿತು: 2023ರಲ್ಲಿ ಆ ನೆರವಿನಿಂದ 6,200 ಪತ್ರಕರ್ತರಿಗೆ ತರಬೇತಿ ಮತ್ತು ಬೆಂಬಲ ಸಿಕ್ಕಿತ್ತು, 707 ಸರ್ಕಾರೇತರ ಸುದ್ದಿಸಂಸ್ಥೆಗಳು ಅದನ್ನು ನೆಚ್ಚಿದ್ದವು. ಇದು ಜಗತ್ತಿನ ಹಲವು ದೇಶಗಳ ಒಟ್ಟು ಲೆಕ್ಕ. ಇದಕ್ಕೂ ಎರಡು ವರ್ಷ ಮೊದಲು, 2023ರ ಜನವರಿ 27ರಂದು, 85 ವರ್ಷ ಹಳೆಯ ಬಿಬಿಸಿ ಅರಬ್ಬಿ ರೇಡಿಯೊ ಕೊನೆಯ ಪ್ರಸಾರ ಮುಗಿಸಿತ್ತು.

ಇವುಗಳ ನಡುವೆ ಗಮನಿಸಬೇಕಾದ ಪ್ರಯೋಗ ‘ಅಮಲ್, ಬರ್ಲಿನ್!’. 2016ರಲ್ಲಿ ಬರ್ಲಿನ್‌ನ ಪ್ರೊಟೆಸ್ಟಂಟ್ ಪತ್ರಿಕೋದ್ಯಮ ಶಾಲೆ ದೇಶಬಿಟ್ಟು ಬಂದ ಪತ್ರಕರ್ತರಿಗಾಗಿ ಕಮ್ಮಟ ನಡೆಸಿತು. ಪ್ರಮಾಣಪತ್ರ ಕೊಟ್ಟು ಕಳಿಸುವ ಬದಲು ಅವರನ್ನೇ ಸೇರಿಸಿ ಒಂದು ಸುದ್ದಿತಾಣ ಕಟ್ಟಿತು. ಬರ್ಲಿನ್‌ನ ಶಾಲಾ ಪ್ರವೇಶ, ಬಸ್ ಮುಷ್ಕರ, ಮನೆ ಬಾಡಿಗೆಯ ಸುದ್ದಿ ಅರಬ್ಬಿ ಮತ್ತು ಫಾರ್ಸಿಯಲ್ಲಿ, ಮುಂದೆ ಉಕ್ರೇನಿಯನ್‌ನಲ್ಲೂ. ಹ್ಯಾಂಬರ್ಗ್‌ನಲ್ಲಿ ಅಲ್ಲಿನ ದಿನಪತ್ರಿಕೆಯೊಂದರ ಜೊತೆಗೂಡಿತು. ತರಬೇತಿಯ ಕೊನೆಯಲ್ಲಿ ಒಂದು ಮೇಜು, ಒಂದು ಸಂಬಳ ಇತ್ತು ಎಂಬುದೇ ಇದರ ಗುಟ್ಟು. ಚರ್ಚ್ ಮತ್ತು ಪ್ರತಿಷ್ಠಾನಗಳ ಹಣದ ಮೇಲೆ ನಿಂತಿರುವುದು ಇದರ ದೌರ್ಬಲ್ಯವೂ ಹೌದು.

‘ಸುದ್ದಿ’ಗೆ ಎರಡು ಹೆಸರು

ಅಮಾಜಿಗ್ ಪತ್ರಕರ್ತನ ಕಷ್ಟ ಇವೆಲ್ಲಕ್ಕಿಂತ ಒಂದು ಹೆಜ್ಜೆ ಹಿಂದಿನದು. ಅವನು ಬರೆಯಲು ಕೂತರೆ ಮೊದಲು ಲಿಪಿ ಆರಿಸಿಕೊಳ್ಳಬೇಕು. ಮೊರಾಕೊ 2003ರಲ್ಲಿ ಪ್ರಾಚೀನ ತಿಫಿನಾಗ್ ಲಿಪಿಯ ಹೊಸ ರೂಪವನ್ನು ಒಪ್ಪಿಕೊಂಡಿತು. 33 ಅಕ್ಷರಗಳು, 2005ರಲ್ಲಿ ಯೂನಿಕೋಡ್‌ಗೂ ಸೇರಿದವು. ಕಬೀಲರು, ಅವರಂತೆಯೇ ಯುರೋಪಿನಲ್ಲಿರುವ ಬಹಳಷ್ಟು ಬರಹಗಾರರು, ಲ್ಯಾಟಿನ್ ಅಕ್ಷರಗಳನ್ನೇ ಬಳಸುತ್ತಾರೆ. ಅರಬ್ಬಿ ಲಿಪಿಯಲ್ಲಿ ಬರೆಯುವವರೂ ಇದ್ದಾರೆ.

ಆಮೇಲೆ ಪದ. ಪತ್ರಿಕೆಗೆ ‘ಅಘ್ಮಿಸ್’, ಪತ್ರಕರ್ತನಿಗೆ ‘ಅನೆಘ್ಮಾಸ್’ ಎಂಬ ಮಾತುಗಳು ವಿದ್ವಾಂಸರು ಹೊಸದಾಗಿ ಟಂಕಿಸಿದವು. ಅಲ್ಜೀರಿಯಾದ ವಾಹಿನಿಯಲ್ಲಿ ವಾರ್ತೆ ಎಂದರೆ ‘ಇಸಾಲನ್’, ಮೊರಾಕೊದಲ್ಲಿ ‘ಇನ್‌ಘ್ಮಿಸನ್’. ವಾರ್ತೆ ಎಂಬ ಮಾತಿಗೇ ಗಡಿಯ ಆಚೀಚೆ ಎರಡು ಹೆಸರಿದ್ದರೆ, ‘ಜಾಮೀನು ಅರ್ಜಿ’, ‘ಹಣದುಬ್ಬರ’, ‘ಅವಿಶ್ವಾಸ ನಿರ್ಣಯ’ಗಳ ಪಾಡೇನು? ಸುದ್ದಿಮನೆ ಎಂಬುದು ಇಂಥ ನಿರ್ಧಾರಗಳು ದಿನಾ ಸಂಜೆ ಆಗಿ, ಮರುದಿನ ಜನರ ಬಾಯಲ್ಲಿ ಪರೀಕ್ಷೆಗೆ ಒಳಗಾಗುವ ಜಾಗ. ನಿಘಂಟು ಒಂದರಿಂದಲೇ ಆ ಕೆಲಸ ಆಗದು. ಮೊರಾಕೊದ 2024ರ ಜನಗಣತಿಯಂತೆ ಸುಮಾರು ನಾಲ್ಕನೇ ಒಂದು ಭಾಗದ ಜನ ಅಮಾಜಿಗ್ ನುಡಿಗಳನ್ನು ಆಡುತ್ತಾರೆ. ಅಕ್ಷರಸ್ಥರಲ್ಲಿ ಅದನ್ನು ಓದಿ ಬರೆಯಬಲ್ಲವರು 1.5 ಶೇಕಡಾ ಮಾತ್ರ. ಮೊದಲ ಅಂಕಿ ತೀರಾ ಕಡಿಮೆಯಾಯಿತೆಂದು ಹೋರಾಟಗಾರರು ತಕರಾರು ಎತ್ತಿದ್ದಾರೆ. ಎರಡನೆಯದನ್ನು ನೋಡಿದರೆ ಅಮಾಜಿಗ್ ಸುದ್ದಿ ಏಕೆ ಮುದ್ರಣಕ್ಕಿಂತ ರೇಡಿಯೊ, ವಿಡಿಯೊಗಳಲ್ಲಿ ಬದುಕಿದೆ ಎಂಬುದು ತಿಳಿಯುತ್ತದೆ. ಹೀಗಾಗಿ ಬರವಣಿಗೆಯಿಂದ ಶುರುವಾಗುವ ಮಾಮೂಲಿ ಪಠ್ಯಕ್ರಮ ಇವರಿಗೆ ತಲೆಕೆಳಗು. ಇವರ ಪಾಠ ಕಿವಿಯಿಂದ ಆರಂಭವಾಗಬೇಕು.

ಇದು ಬರಿಯ ಭಾಷಾಭಿಮಾನದ ಮಾತಲ್ಲ. 2023ರ ಸೆಪ್ಟೆಂಬರ್ 8ರ ರಾತ್ರಿ ಮೊರಾಕೊದ ಅಲ್ ಹೌಜ್ ಸೀಮೆಯಲ್ಲಿ ಭೂಮಿ ಕಂಪಿಸಿ 2,900ಕ್ಕೂ ಹೆಚ್ಚು ಜನ ಸತ್ತರು. ಕುಸಿದ ಬೆಟ್ಟದ ಹಳ್ಳಿಗಳ ಮಾತು ತಶಲ್ಹೀತ್. ಮನೆ ಕಳೆದುಕೊಂಡ ಮುದುಕಿಯ ಮುಂದೆ ಮೈಕ್ ಹಿಡಿದ ವರದಿಗಾರನಿಗೆ ಅರಬ್ಬಿ, ಫ್ರೆಂಚ್, ಇಂಗ್ಲಿಷ್ ಮೂರೂ ಬಂದರೂ ಆಕೆ ಹೇಳಿದ್ದು ದುಭಾಷಿಯ ಬಾಯಲ್ಲಿ ಸೋಸಿಯೇ ಬರಬೇಕು. ಪ್ಯಾರಿಸ್ ಅಥವಾ ಬ್ರಸೆಲ್ಸ್‌ನ ಸುದ್ದಿಮನೆಯಲ್ಲಿ ಆ ನುಡಿಯಲ್ಲೇ ಬೆಳೆದ ಒಬ್ಬಳಿದ್ದರೆ ಆಕೆಯ ನುಡಿ ಅವತ್ತು ಎಲ್ಲಕ್ಕಿಂತ ದೊಡ್ಡ ಅರ್ಹತೆ. ಉಳಿದ ದಿನಗಳಲ್ಲಿ ಅದು ಅರ್ಜಿಯಲ್ಲಿ ನಮೂದಿಸುವ ವಿಷಯವೂ ಅಲ್ಲ.

ತರಬೇತಿಯ ಆಚೆಗೆ

ಸಂಬಳ ಕೊಡುವ ಸಂಸ್ಥೆಗಳು ಮುಚ್ಚುತ್ತ, ತರಬೇತಿ ಮಾತ್ರ ಮುಂದುವರಿದರೆ ಕಲಿತವರು ಎಲ್ಲಿಗೆ ಹೋಗುತ್ತಾರೆ? ಕೆಲವರು ಊರಿಗೆ. 2024ರ ಡಿಸೆಂಬರ್ 8ರಂದು ಅಸದ್ ಆಡಳಿತ ಕುಸಿದ ಮೇಲೆ, ಹೊರಗೆ ಬೆಳೆದ ‘ಇನಬ್ ಬಲದಿ’ಯಂಥ ಸಿರಿಯಾದ ಪತ್ರಿಕೆಗಳು ದಮಾಸ್ಕಸ್‌ಗೆ ಮರಳಿದವು. ದಶಕದ ಪರದೇಶದ ಅನುಭವ ಅಲ್ಲಿ ಕೆಲಸಕ್ಕೆ ಬರುತ್ತದೆ. ಹಲವರು ಕಂಪನಿಗಳ ಪ್ರಚಾರ ವಿಭಾಗಗಳಿಗೆ. ಉಳಿದವರು ಯೂಟ್ಯೂಬ್, ಟಿಕ್‌ಟಾಕ್‌ಗಳಿಗೆ. ಅಲ್ಲಿ ಅವರ ಪಕ್ಕದಲ್ಲೇ ಏನೂ ಕಲಿಯದವರೂ ಇದ್ದಾರೆ, ಕೇಳುಗನಿಗೆ ವ್ಯತ್ಯಾಸ ಕಾಣುವುದಿಲ್ಲ. 2016ರಲ್ಲಿ ಅಲ್ ಹುಸೀಮಾದಲ್ಲಿ ಮೀನು ಮಾರುವವನೊಬ್ಬ ಕಸದ ಲಾರಿಯಲ್ಲಿ ಸಿಕ್ಕಿ ಸತ್ತು ರಿಫ್ ಚಳವಳಿ ಎದ್ದಾಗ, ಯುರೋಪಿನ ರಿಫ್ ಮನೆಗಳಿಗೆ ಫೇಸ್‌ಬುಕ್ ನೇರಪ್ರಸಾರವೇ ಸುದ್ದಿಸಂಸ್ಥೆಯಾಗಿತ್ತು. ಅದರಲ್ಲಿ ನಿಜವೂ ಇತ್ತು, ವದಂತಿಯೂ ಇತ್ತು. ಜರಡಿ ಹಿಡಿಯುವ ತಾರಿಫೀತ್ ಉಪಸಂಪಾದಕ ಇರಲಿಲ್ಲ.  2025ರ ಆರಂಭದಲ್ಲಿ ಅಲ್ಜೀರಿಯಾ ಮೂಲದ ಹಲವು ಟಿಕ್‌ಟಾಕ್ ಮಾತುಗಾರರನ್ನು ಹಿಂಸೆಗೆ ಪ್ರಚೋದಿಸಿದ ಆರೋಪದಲ್ಲಿ ಫ್ರಾನ್ಸ್ ಬಂಧಿಸಿದಾಗ ಈ ಶೂನ್ಯ ಮತ್ತೆ ಕಣ್ಣಿಗೆ ರಾಚಿತು.

ಇನ್ನೊಂದು ಪರಿಣಾಮ ಪಠ್ಯಕ್ರಮಗಳಿಗೆ ಇನ್ನೂ ಪೂರ್ತಿ ಇಳಿದಿಲ್ಲ. ಕ್ರಿಸ್ಟೋಫ್ ಗ್ಲೆಝ್ ಎಂಬ ಫ್ರೆಂಚ್ ಕ್ರೀಡಾ ಪತ್ರಕರ್ತ, ಕಬೀಲಿಯಾದ ಹೆಸರಾಂತ ಫುಟ್‌ಬಾಲ್ ಕ್ಲಬ್ ಬಗ್ಗೆ ಬರೆಯಲು 2024ರ ಮೇನಲ್ಲಿ ತಿಜಿ ಉಝುಗೆ ಹೋಗಿ ಸಿಕ್ಕಿಬಿದ್ದರು. ಕಬೀಲಿಯಾದ ಸ್ವನಿರ್ಣಯ ಬೇಡುವ ಸಂಘಟನೆಯ ಜೊತೆ ನಂಟಿದ್ದ ಫುಟ್‌ಬಾಲ್ ವ್ಯಕ್ತಿಯೊಬ್ಬನನ್ನು ಸಂಪರ್ಕಿಸಿದ್ದು ಅವರ ಮೇಲಿದ್ದ ಆಪಾದನೆ. ಆ ಸಂಘಟನೆಯನ್ನು ಅಲ್ಜೀರಿಯಾ ಭಯೋತ್ಪಾದಕ ಎಂದು ಘೋಷಿಸಿದ್ದು 2021ರಲ್ಲಿ. ಗ್ಲೆಝ್ ಅವರ ಸಂಪರ್ಕಗಳಲ್ಲಿ ಹೆಚ್ಚಿನವು ಅದಕ್ಕೂ ಮೊದಲಿನವು ಎಂದು ಗಡಿರಹಿತ ವರದಿಗಾರರು ಸಂಸ್ಥೆ ಹೇಳಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಏಳು ವರ್ಷ ಜೈಲು ವಿಧಿಸಿತು. ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಅವರು ಫ್ರೆಂಚ್ ಪ್ರಜೆ. ಅವರಿಗಾಗಿ ಪ್ಯಾರಿಸ್‌ನಲ್ಲಿ ಮಾತನಾಡಲು ಸರ್ಕಾರವಿತ್ತು. ಎರಡೂ ದೇಶಗಳ ಪೌರತ್ವ ಇರುವವರನ್ನು ಅಲ್ಜೀರಿಯಾ ತನ್ನ ಪ್ರಜೆ ಎಂದೇ ನಡೆಸಿಕೊಳ್ಳುತ್ತದೆ. ಲೇಖಕ ಬುವಾಲೆಮ್ ಸನ್ಸಾಲ್ ಜೈಲಿನಲ್ಲಿದ್ದಾಗ ಫ್ರೆಂಚ್ ಕಾನ್ಸುಲೇಟ್‌ನವರಿಗೆ ಅವರ ಭೇಟಿಯೇ ಸಿಗಲಿಲ್ಲ. ಪ್ಯಾರಿಸ್‌ನಲ್ಲಿ ಪತ್ರಿಕೋದ್ಯಮ ಕಲಿತ, ಎರಡು ಪಾಸ್‌ಪೋರ್ಟ್ ಇರುವ ಕಬೀಲ್ ಯುವತಿ ಅಜ್ಜಿಯ ಊರಿನ ಫುಟ್‌ಬಾಲ್ ತಂಡದ ಬಗ್ಗೆ ಬರೆಯಲು ಟಿಕೆಟ್ ತೆಗೆಯುವ ಮುಂಚೆ ತನ್ನ ಫೋನಿನಲ್ಲಿರುವ ಹಳೆಯ ನಂಬರುಗಳನ್ನು ಒಂದೊಂದಾಗಿ ನೋಡಬೇಕಾಗುತ್ತದೆ, ಯಾರನ್ನು ಯಾವ ವರ್ಷ ಮಾತನಾಡಿಸಿದ್ದೆ ಎಂದು.